ಬಾಗಿಯ ಬಲಗೈ

ಗಂಗೊಳ್ಳಿ ಬಂದರಿನಲ್ಲಿ ಮೀನು ಮಾರುವ ಬಾಗಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಮಂಜುಗಡ್ಡೆಯವರು ಗಡ್ಡೆಯ ಒಳಗೆ ಗಾಳಿ ತುಂಬಿಸಿ ಕೊಡುತ್ತಾರೆ ಎಂಬುದು ಅವಳ ಒಂದು ಅನುಮಾನ. ಬಸ್ಸಿನವನು ತನ್ನ ಬುಟ್ಟಿಯನ್ನು ಕಂಡು ಬೇಕೆಂದೇ ನಾಲ್ಕು ಮಾರು ಮುಂದೆ ಹೋಗಿ ನಿಲ್ಲಿಸುತ್ತಾನೆ ಎಂಬುದು ಇನ್ನೊಂದು. ದೇವಸ್ಥಾನದಲ್ಲಿ ಪ್ರಸಾದ ಸಿಕ್ಕರೆ ಪಕ್ಕದವಳಿಗೆ ಎಷ್ಟು ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡಿ, ಆಮೇಲೆ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಬಂದರಿನವರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ. ಅವಳು ಮೊದಲಿಂದಲೂ ಹಾಗಿರಲಿಲ್ಲ ಎಂಬುದು ಹಳಬರಿಗೆ ಮಾತ್ರ ಗೊತ್ತು.

ಒಂದು ಕಾಲದಲ್ಲಿ ಅವಳ ಬಲಗೈಗೆ ಇಡೀ ಬಂದರಿನಲ್ಲಿ ಹೆಸರಿತ್ತು. ಮೀನಿನ ಏಲಂ, ಅಂದರೆ ಹರಾಜು, ನೋಡಿದವರು ಬಲ್ಲರು, ಅಲ್ಲಿ ಕಣ್ಣಿಗಿಂತ ಕೈ ದೊಡ್ಡದು. ಬುಟ್ಟಿಯ ಮೇಲಿನ ಬಂಗುಡೆ ಈಗಷ್ಟೇ ನೀರಿನಿಂದ ಎದ್ದ ಹಾಗೆ ಮಿನುಗುತ್ತಿರುತ್ತದೆ. ಅಡಿಯಲ್ಲಿ ಮೊನ್ನೆಯದೋ ಆಚೆ ಮೊನ್ನೆಯದೋ ಬಿದ್ದಿರುತ್ತದೆ. ಬುಟ್ಟಿ ಮಗುಚಿ ನೋಡಲು ಯಾರೂ ಬಿಡುವುದಿಲ್ಲ. ಏಲಂ ಕೂಗುವವನು ಮೂರು ಸಲ ಕೂಗುವಷ್ಟರಲ್ಲಿ ಮೊಣಕೈವರೆಗೆ ಕೈ ಇಳಿಸಿ, ಅಡಿಯ ಮೀನಿನ ಹೊಟ್ಟೆಯನ್ನು ಬೆರಳ ತುದಿಯಿಂದ ಒತ್ತಬೇಕು. ತಾಜಾ ಮೀನು ಬೆರಳನ್ನು ವಾಪಸು ತಳ್ಳುತ್ತದೆ, ಹಳತು ಒತ್ತಿದಲ್ಲೇ ಕುಸಿಯುತ್ತದೆ. ಬಾಗಿ ಕೈ ಇಳಿಸಿ ತೆಗೆದು ತಲೆ ಅಲ್ಲಾಡಿಸಿದರೆ ಸಾಕು, ಉಳಿದ ಹೆಂಗಸರು ತಮ್ಮ ಕೈ ಒದ್ದೆ ಮಾಡಿಕೊಳ್ಳದೆ ಮುಂದಿನ ಬುಟ್ಟಿಗೆ ಹೋಗುತ್ತಿದ್ದರು.

1997ರ ಮಳೆಗಾಲದಲ್ಲಿ ಆ ಕೈ ಬೆಂದುಹೋಯಿತು. ದೋಣಿಗಳೆಲ್ಲ ದಡ ಹತ್ತಿದ್ದ ದಿನಗಳು. ಗಂಡ ತೀರಿಹೋಗಿದ್ದ, ಮಗ ಯೋಗೀಶ ಇನ್ನೂ ಶಾಲೆಗೆ ಹೋಗುತ್ತಿದ್ದ. ಮೀನಿಲ್ಲದ ಆ ಎರಡು ತಿಂಗಳು ಬಾಗಿ ಬಿಜೂರಿನ ಕಡೆ ಒಂದು ಅಕ್ಕಿ ಗಿರಣಿಗೆ ಭತ್ತ ಬೇಯಿಸುವ ಕೆಲಸಕ್ಕೆ ಹೋಗಿದ್ದಳು. ಒಂದು ಬೆಳಿಗ್ಗೆ ಕುದಿಯುವ ಹಂಡೆ ವಾಲಿತು. ಬೀಳದಂತೆ ಹಿಡಿಯಲು ಹೋದ ಬಲಗೈ ಬೆರಳಿನಿಂದ ಮೊಣಕೈವರೆಗೆ ಬೆಂದಿತು.

ಆಸ್ಪತ್ರೆಯವರು ಕೈಯನ್ನು ಉಳಿಸಿಕೊಟ್ಟರು. ಆದರೆ ಹೊಸದಾಗಿ ಬಂದ ಚರ್ಮ ಅವಳದ್ದಾಗಿರಲಿಲ್ಲ. ಗಟ್ಟಿ, ನುಣ್ಣಗೆ, ಅಲ್ಲಲ್ಲಿ ಹಗ್ಗದ ಹಾಗೆ ದಪ್ಪ. ಬೆರಳುಗಳು ಒಳಕ್ಕೆ ಮಡಚಿಕೊಂಡವು. ಏಪ್ರಿಲ್ ತಿಂಗಳ ಸೆಕೆಗೆ ಮೈಯೆಲ್ಲ ಬೆವರಿ ತೊಯ್ದರೂ ಆ ಕೈ ಮಾತ್ರ ಒಣಗಿಕೊಂಡು, ಒಳಗೊಳಗೇ ಕಾಯುತ್ತ, ತುರಿಸಿ ತುರಿಸಿ ಪ್ರಾಣ ಹಿಂಡುತ್ತಿತ್ತು. ಮಂಜುಗಡ್ಡೆ ಹಿಡಿದರೆ ತಣ್ಣಗೆ ಅನ್ನಿಸುತ್ತಿರಲಿಲ್ಲ, ಚಾ ಲೋಟ ಹಿಡಿದರೆ ಬಿಸಿ ತಿಳಿಯುತ್ತಿರಲಿಲ್ಲ. ಬುಟ್ಟಿಯ ಅಡಿಗೆ ಇಳಿಸಿದರೆ ಅಲ್ಲಿರುವುದು ಮೀನೋ ಸೌದೆಯೋ ಎಂಬುದೂ ಗೊತ್ತಾಗದು.

ಎಡಗೈ ಇತ್ತಲ್ಲ ಎಂದು ನೀವು ಕೇಳಬಹುದು. ಬೆಳಗಿನ ಬೋಣಿಯ ಬುಟ್ಟಿಗೆ ಎಡಗೈ ಹಾಕಿ ನೋಡಿ, ಆಮೇಲೆ ಕೇಳಿ! ದೋಣಿಯವರು ಜಗಳಕ್ಕೇ ಬರುತ್ತಾರೆ. ಆ ದಿನ ಬಲೆಗೆ ಏನೂ ಬೀಳದಿದ್ದರೆ ನಿಮ್ಮ ಏಳು ತಲೆಮಾರಿನ ಹೆಸರು ಹಿಡಿದು ಬೈಯುತ್ತಾರೆ. ಹಾಗಾಗಿ ಬಾಗಿ ಅಕ್ಕಪಕ್ಕದವರನ್ನು ಕೇಳಿ ಮೀನು ಕೊಳ್ಳತೊಡಗಿದಳು. ಒಮ್ಮೆ ಯಾರೋ ‘ಲಾಯ್ಕಿತ್ತ್’, ಚೆನ್ನಾಗಿದೆ, ಅಂದರು, ಇವಳು ನಂಬಿ ಕೊಂಡಳು. ಕುಂದಾಪುರದಲ್ಲಿ ವರ್ಷಗಟ್ಟಲೆ ಇವಳಿಂದಲೇ ಮೀನು ಕೊಳ್ಳುತ್ತಿದ್ದ ಮನೆಯಾಕೆ ಒಂದು ಬಂಗುಡೆಯನ್ನು ಎತ್ತಿ ನೋಡಿ, ಏನೂ ಮಾತಾಡದೆ ಬುಟ್ಟಿಗೆ ವಾಪಸು ಇಟ್ಟು ಒಳಗೆ ಹೋದರು. ಬೈದಿದ್ದರೆ ಬಾಗಿ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆ ದಿನ ರಸ್ತೆಯಲ್ಲೇ ನಿಂತು ಅತ್ತಳು. ಆಮೇಲೆ ಯಾರು ಲಾಯ್ಕಿತ್ತ್ ಅಂದರೂ ಅದರ ಹಿಂದೆ ಏನೋ ಇದೆ ಎಂದೇ ಅವಳಿಗೆ ಕಾಣತೊಡಗಿತು.

ಮಗ ಯೋಗೀಶ ಬೆಳೆದು ದೊಡ್ಡ ದೋಣಿಯ ಕೆಲಸಕ್ಕೆ ಸೇರಿದ, 2005ರಲ್ಲಿ ಕಿರಿಮಂಜೇಶ್ವರದ ಕುಸುಮಳನ್ನು ಮದುವೆಯಾದ. ಕುಸುಮ ಹೆಚ್ಚು ಮಾತಿನವಳಲ್ಲ. ಅತ್ತೆಯ ಜೊತೆ ಬಂದರಿಗೆ ಬಂದವಳು ಒಂದೇ ವರ್ಷದಲ್ಲಿ ಬುಟ್ಟಿಯ ಅಡಿ ನೋಡುವುದನ್ನು ಕಲಿತಳು. ಅವಳು ಕೈ ಇಳಿಸುತ್ತಿದ್ದಳು, ಬಾಗಿ ಅವಳ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು.

“ಹ್ಯಾಂಗಿತ್ತ್?”

“ಬ್ಯಾಡ ಅತ್ತೆ. ಅಡಿದ್ದ್ ಮೆದು.”

ಇಷ್ಟೇ ಮಾತು. ಆದರೆ ಬಾಗಿಯ ತಲೆಯೊಳಗೆ ಅಲ್ಲಿಂದ ಗಿರಣಿ ಶುರು. ಕುಸುಮ ಬೇಡ ಅಂದ ಬುಟ್ಟಿಯನ್ನು ಹೆಚ್ಚಾಗಿ ಕೊಳ್ಳುತ್ತಿದ್ದವಳು ಸೀತು. ಈ ಸೀತು ಯಾರು? ಕಿರಿಮಂಜೇಶ್ವರದವಳು, ಕುಸುಮಳ ತವರಿನ ನೆರೆಮನೆಯವಳು. ಒಣಮೀನು ಮಾಡಲು ಮೆದು ಮೀನಾದರೂ ನಡೆಯುತ್ತದೆ ಎಂದು ಸೀತು ಹೇಳುತ್ತಿದ್ದಳು. ಹೇಳುವುದಕ್ಕೇನು, ಅವಳು ಒಣಗಿಸುವುದನ್ನು ಕಿರಿಮಂಜೇಶ್ವರಕ್ಕೆ ಹೋಗಿ ನೋಡಿದವರು ಯಾರು? ಒಳ್ಳೆಯ ಬುಟ್ಟಿಯನ್ನು ಕೆಟ್ಟದ್ದು ಅಂದುಬಿಟ್ಟರೆ ಅತ್ತೆಗೆ ಗೊತ್ತಾಗುವುದಿಲ್ಲ, ಸೀತುವಿನ ಬುಟ್ಟಿ ತುಂಬುತ್ತದೆ. ಬಾಗಿ ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಏಳೆಂಟು ವರ್ಷ ಸೊಸೆಯ ಕಣ್ಣನ್ನು ದಿನಾ ಬೆಳಿಗ್ಗೆ ಓದುತ್ತ ಹೋದಳು, ಅಲ್ಲಿ ಏನೂ ಸಿಗದೆ ಇದ್ದದ್ದಕ್ಕೆ ಇವಳು ಬಹಳ ಜಾಣೆ ಎಂದು ತೀರ್ಮಾನಿಸಿದಳು.

2013ರಲ್ಲಿ ಲೇಸರಿನ ಸುದ್ದಿ ತಂದವಳೂ ಕುಸುಮಳೇ. ಅವಳು ಮೀನು ಕೊಡುವ ಕುಂದಾಪುರದ ಒಂದು ಮನೆಯ ಮಗ ರವಿಚಂದ್ರ ಚರ್ಮದ ಡಾಕ್ಟರು. ಬ್ರಹ್ಮಾವರದಲ್ಲಿ ಹೊಸ ಆಸ್ಪತ್ರೆ ತೆರೆದಿದ್ದರು. ಹಳೆಯ ಸುಟ್ಟ ಕಲೆಗೆ ಬೆಳಕು ಬಿಟ್ಟು ಮೆದು ಮಾಡುವ ಮಿಷನ್ ಅಲ್ಲಿ ಬಂದಿದೆಯಂತೆ.

“ಹೋಪ ಅತ್ತೆ, ಒಂದ್ಸಲ ಕೈ ತೋರ್ಸಿ ಬಪ್ಪ. ಖರ್ಚ್ ಅವ್ರ್ ಕಾಂತ್ರ್,” ಎಂದಳು ಕುಸುಮ. ಖರ್ಚು ನೋಡಿಕೊಳ್ಳುವ ಅವ್ರು ಅಂದರೆ ಯೋಗೀಶ.

ಬಾಗಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ. ಇವಳಿಗೇಕೆ ನನ್ನ ಕೈಯ ಚಿಂತೆ? ಡಾಕ್ಟರ ಮನೆಗೆ ಇವಳದ್ದೇ ಮೀನು, ಅಲ್ಲೇನೋ ಒಳಮಾತು ಇರಬೇಕು. ಅಥವಾ ನನ್ನನ್ನು ಆಸ್ಪತ್ರೆಯ ಮಂಚದಲ್ಲಿ ಮಲಗಿಸಿ ಇವಳು ಬುಟ್ಟಿ, ಮೀನು ಕೊಳ್ಳುವ ಮನೆಗಳು, ವ್ಯಾಪಾರ ಎಲ್ಲ ತನ್ನದು ಮಾಡಿಕೊಳ್ಳುವ ಹುನ್ನಾರ ಇರಬೇಕು. ಎಲ್ಲ ಕಡೆಯಿಂದ ಅಳೆದು ನೋಡಿದ ಮೇಲೂ ಬಾಗಿ ಒಪ್ಪಿಕೊಂಡಳು. ಒಪ್ಪಿಕೊಳ್ಳಲು ಒಂದೇ ಕಾರಣ. ಕೈಗೆ ಮೊದಲಿನ ಹಾಗೆ ಗೊತ್ತಾಗುವಂತಾದರೆ ಇನ್ನು ಹ್ಯಾಂಗಿತ್ತ್ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸೊಸೆ ಸುಳ್ಳಿಯೋ ಅಲ್ಲವೋ ಎಂಬುದು ಒಂದೇ ಬೆಳಿಗ್ಗೆಯಲ್ಲಿ ತೀರ್ಮಾನವಾಗುತ್ತದೆ. ಅವಳಿಗೆ ಬೇಕಾದದ್ದು ಅಷ್ಟೇ.

ಡಾಕ್ಟರು ಸಣ್ಣ ಪ್ರಾಯದವರು, ಊರಿನ ಮಾತಿನಲ್ಲೇ ಮಾತಾಡಿದರು. ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಅಮ್ಮ, ಕಲೆ ಪೂರಾ ಹೋತಿಲ್ಲೆ. ಚರ್ಮ ಮೆದು ಆತ್ತ್, ತುರಿಕೆ ಕಮ್ಮಿ ಆತ್ತ್, ಬೆರಳ್ ಬಿಡ್ಸುಕೆ ಸುಲಭ ಆತ್ತ್.”

“ಮುಟ್ರೆ ಗೊತ್ತಾತ್ತಾ?”

“ಅದೊಂದ್ ನಾ ಹೇಳುಕಾತಿಲ್ಲೆ. ಸ್ವಲ್ಪ ಬಂದ್ರೂ ಬಕ್ಕ್, ಬರ್ದೇ ಇದ್ರೂ ಇಕ್ಕ್. ಬೆವರೂ ಹಂಗೆ. ಬೆವರ್ ಬಪ್ಪ ದಾರಿಯೇ ಸುಟ್ಟ್ ಹೋಯ್ತಲೆ.”

ಬಂದರೂ ಬರಬಹುದು, ಬರದೆಯೂ ಇರಬಹುದು ಎಂಬ ಈ ಮಾತು ಬಾಗಿಗೆ ಸರಿಬರಲಿಲ್ಲ. ತಲೆನೋವಿಗೆ ಗುಳಿಗೆ ಕೊಡುವ ಅಂಗಡಿಯವನೂ ಎರಡು ದಿನದಲ್ಲಿ ಗುಣ ಎಂದು ಎದೆ ತಟ್ಟಿ ಹೇಳುತ್ತಾನೆ, ಇಷ್ಟು ಓದಿದವರಿಗೆ ಹೇಳಲು ಏನು ಅಡ್ಡಿ? ಏನೋ ಮುಚ್ಚಿಡುತ್ತಿದ್ದಾರೆ. ಅಷ್ಟರಲ್ಲಿ ಡಾಕ್ಟರು ಮಿಷನ್ ಸರಿಯಿದೆಯೇ ಎಂದು ನೋಡಲು ಒದ್ದೆ ಮಾಡಿದ ಮರದ ಕಡ್ಡಿಯೊಂದರ ಮೇಲೆ ಬೆಳಕು ಬಿಟ್ಟರು. ಚಟಚಟ ಸದ್ದಾಗಿ ಕಡ್ಡಿಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಮೂಡಿದವು, ಸುಟ್ಟ ವಾಸನೆ ಬಂತು. ಬಾಗಿ ಕುರ್ಚಿಯಿಂದ ಎದ್ದೇಬಿಟ್ಟಳು.

“ಸುಟ್ಟದ್ದನ್ನೇ ತಿರ್ಗಿ ಸುಡೂದಾ? ಇದ್ ಯಾವ್ ಊರಿನ್ ಮದ್ದ್ ಮಾರಾಯ್ರೆ?”

ಡಾಕ್ಟರು ನಗದೆ ವಿವರಿಸಿದರು. ಕಲೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಮಾಡುತ್ತಾರೆ, ಆ ತೂತು ಮಾಯುವಾಗ ಗಂಟುಕಟ್ಟಿದ ಚರ್ಮ ಸಡಿಲವಾಗುತ್ತದೆ. ಬಾಗಿ ಪೂರ್ತಿ ಕೇಳಿಸಿಕೊಂಡು, ಮೊಣಕೈ ಹತ್ತಿರ ಒಂದು ರೂಪಾಯಿಯಷ್ಟು ಅಗಲದ ಜಾಗ ತೋರಿಸಿದಳು. ಅತ್ಯಂತ ದಪ್ಪ ಕಲೆಯನ್ನೇ ಆರಿಸಿದ್ದಳು.

“ಮೊದ್ಲ್ ಇಲ್ಲ್ ಮಾಡಿ. ಮೇಲಿಂದ್ ಕಂಡ್ ಬುಟ್ಟಿ ತಕಂಬ ಜನ ನಾನಲ್ಲ.”

ಮುಲಾಮು ಹಚ್ಚಿ, ಒಂದು ಗಂಟೆ ಕೂರಿಸಿ, ಅಲ್ಲಿಗೆ ಬೆಳಕು ಬಿಟ್ಟರು. ವಾರವಿಡೀ ಆ ಜಾಗ ಕೆಂಪಾಗಿ ಹಕ್ಕಳೆಗಟ್ಟಿತ್ತು. ಹೇಳಿರಲಿಲ್ಲವೇ, ಹಾಳು ಮಾಡಿದರು ಎಂದು ಬಾಗಿ ಮನೆಯಲ್ಲಿ ಕೂಗಾಡಿದಳು. ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಜಾಗವನ್ನು ಚಿವುಟಿ ನೋಡಿದರೆ ಚರ್ಮ ಎರಡು ಬೆರಳ ನಡುವೆ ಎದ್ದು ಬಂತು! ಹದಿನಾರು ವರ್ಷದಲ್ಲಿ ಅದು ಹಾಗೆ ಬಂದಿರಲಿಲ್ಲ. ಕೂಗಾಟ ನಿಂತಿತು. ಆಸ್ಪತ್ರೆಗೆ ಹೋಗಬೇಕಾದ ಮುಂದಿನ ಗುರುವಾರ ಬಾಗಿ ತಾನೇ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಎರಡೆರಡು ತಿಂಗಳಿಗೊಮ್ಮೆ ನಾಲ್ಕು ಸಲ ಇಡೀ ಕೈಗೆ ಲೇಸರ್ ಆಯಿತು. ಪ್ರತಿ ಸಲವೂ ಕೆಲವು ವಾರ ಬಿಸಿಲು ಕೂಡದು, ಉಪ್ಪು ನೀರು ಕೂಡದು, ಮೀನು ಮುಟ್ಟುವ ಮಾತೇ ಇಲ್ಲ. ಕುಸುಮ ಒಬ್ಬಳೇ ಬಂದರಿಗೆ ಹೋಗಿ ಬರುತ್ತಿದ್ದಳು. ಬಾಗಿ ಜಗಲಿಯಲ್ಲಿ ಕೂತು ಅವಳು ಬರುವ ಹೊತ್ತನ್ನು ಲೆಕ್ಕ ಹಾಕುತ್ತ, ಬಂದ ಮೇಲೆ ಪೊಲೀಸರ ಹಾಗೆ ವಿಚಾರಿಸುತ್ತಿದ್ದಳು. ಸೀತು ಬಂದಿದ್ದಳೇ? ಯಾರ ಬುಟ್ಟಿ ಬಿಟ್ಟೆ? ಯಾರು ಕೊಂಡರು? ಕುಸುಮ ಕಾಲು ತೊಳೆಯುತ್ತ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ಆಮೇಲೆ ಕೊಬ್ಬರಿ ಎಣ್ಣೆ ಹಾಕಿ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಡಾಕ್ಟರು ಹೇಳಿದ್ದು ದಿನಕ್ಕೆ ಎರಡು ಸಲ, ಇವಳು ಮೂರು ಸಲ ಮಾಡಿಸುತ್ತಿದ್ದಳು. ಅದರಲ್ಲೂ ಬಾಗಿಗೆ ಅನುಮಾನ, ಇಷ್ಟು ಅವಸರ ಯಾಕೆ ಇವಳಿಗೆ?

ತುರಿಕೆ ಹೋಯಿತು. ಬೇಸಿಗೆಯಲ್ಲಿ ಮೊದಲ ಸಲ ಬಾಗಿ ಬೆಳಗಿನವರೆಗೆ ನಿದ್ದೆ ಮಾಡಿದಳು. ಬೆರಳುಗಳು ನೇರವಾದವು, ಕತ್ತಿ ಹಿಡಿದು ಮೀನು ಹೆಚ್ಚಲು ಬಂತು. ಚಳಿಗಾಲದಲ್ಲಿ ಒಡೆದು ರಕ್ತ ಬರುತ್ತಿದ್ದ ಮಣಿಕಟ್ಟು ಒಡೆಯಲಿಲ್ಲ. ಬೆವರು ಮಾತ್ರ ಬರಲಿಲ್ಲ, ಕೈ ಮೊದಲಿನಂತೆ ಒಣಗಿಯೇ ಇತ್ತು. ಇನ್ನು ಸ್ಪರ್ಶ? ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿ ಸಾರಿಗೆ ತಂದ ಮೀನನ್ನು ಬಟ್ಟೆಯ ಅಡಿಯಲ್ಲಿ ಇಟ್ಟು ಒತ್ತಿ ಒತ್ತಿ ನೋಡುತ್ತಿದ್ದಳು. ಒಮ್ಮೆ ಗೊತ್ತಾದ ಹಾಗೆ ಆಗುತ್ತಿತ್ತು, ಇನ್ನೊಮ್ಮೆ ಏನೂ ಇಲ್ಲ.

ಕೊನೆಯ ಸಲ ಹೋದಾಗ ಡಾಕ್ಟರು ಅವಳ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳುಗಳನ್ನು ಸವರುತ್ತ, ಮುಟ್ಟಿದಾಗ ಹೇಳಿ ಎಂದರು. ಬಾಗಿಗೆ ಏನೂ ತಿಳಿಯಲಿಲ್ಲ. ಈ ಮನುಷ್ಯ ಮುಟ್ಟುತ್ತಾನೋ, ಸುಮ್ಮನೆ ನನ್ನನ್ನು ಪರೀಕ್ಷೆ ಮಾಡುತ್ತಾನೋ? ನೋಡಿಯೇ ಬಿಡುವ ಎಂದು ಒಂದು ಕಣ್ಣನ್ನು ಎಳ್ಳಷ್ಟು ತೆರೆದಳು. ಡಾಕ್ಟರು ನಿಜವಾಗಿಯೂ ಮುಟ್ಟುತ್ತಿದ್ದರು. ತೆರೆದ ಕಣ್ಣನ್ನು ಮತ್ತೆ ಮುಚ್ಚಲು ಮನಸ್ಸಾಗಲಿಲ್ಲ. “ಈಗ,” ಎಂದಳು. “ಈಗ. ಈಗಳೂ.” ಹತ್ತರಲ್ಲಿ ಎಂಟು ಸರಿಯಾಯಿತು. ಡಾಕ್ಟರಿಗೆ ಆಶ್ಚರ್ಯ. ಪಕ್ಕದಲ್ಲಿ ನಿಂತಿದ್ದ ಕುಸುಮಳ ಮುಖ ಅರಳಿದ್ದನ್ನು ಬಾಗಿ ಅದೇ ಸಂದಿಯಿಂದ ನೋಡಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಕುಂದಾಪುರ ಮುಟ್ಟುವಷ್ಟರಲ್ಲಿ, ನೋಡಿ ಹೇಳಿದ್ದು ಎರಡೋ ಮೂರೋ, ಉಳಿದದ್ದು ನಿಜವಾಗಿಯೂ ಗೊತ್ತಾದದ್ದೇ ಎಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದಳು. ಊರಿನವರನ್ನೆಲ್ಲ ಅನುಮಾನಿಸುವ ಬಾಗಿ ತನ್ನೊಬ್ಬಳನ್ನು ಬಿಟ್ಟಿದ್ದಳು ನೋಡಿ.

2015ರ ಜನವರಿಯಲ್ಲಿ ಅವಳು ಮತ್ತೆ ಬಂದರಿಗೆ ಇಳಿದಳು. ಬೆಳಕು ಹರಿದಿತ್ತು, ದೋಣಿಗಳು ಬಂದಿದ್ದವು. ಏಲಂ ಕೂಗುವ ಸುಬ್ಬ ಬಂಗುಡೆಯ ಬುಟ್ಟಿಯೊಂದನ್ನು ಮುಂದೆ ಎಳೆದು ಕೂಗಲು ಶುರು ಮಾಡಿದ. ಕುಸುಮ ಕೈ ಇಳಿಸಿ ತೆಗೆದಳು.

“ಬ್ಯಾಡ ಅತ್ತೆ. ಅಡಿದ್ದ್ ಮೆದು.”

ಬಾಗಿ ತಲೆ ಎತ್ತಿದಳು. ಎರಡು ಹೆಜ್ಜೆ ಆಚೆ ಸೀತು ನಿಂತಿದ್ದಳು. ಬಾಗಿಗೆ ಬೇಕಾಗಿದ್ದ ಬೆಳಿಗ್ಗೆ ಇದೇ. ಸೆರಗು ಸಿಕ್ಕಿಸಿ, ಕುಸುಮಳನ್ನು ಪಕ್ಕಕ್ಕೆ ಸರಿಸಿ, ಬಲಗೈಯನ್ನು ಬುಟ್ಟಿಗೆ ಇಳಿಸಿದಳು. ಬೆರಳುಗಳು ನೇರವಾಗಿ, ಸರಾಗವಾಗಿ ಅಡಿಯವರೆಗೆ ಹೋದವು. ಅಷ್ಟಕ್ಕೇ ಅವಳ ಎದೆ ಉಬ್ಬಿತು. ಒತ್ತಿದಳು. ಮೀನು ವಾಪಸು ತಳ್ಳಿತೇ? ತಳ್ಳಿತು, ತಳ್ಳಲೇಬೇಕು. ಸುತ್ತಲಿನ ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು.

“ಎಂತ ಮೆದು? ಗಟ್ಟಿ ಇತ್ತ್! ಕಲ್ಲ್ ಕಂಡಂಗೆ ಇತ್ತ್!”

“ಹ್ವಾಯ್ ಬಾಗಕ್ಕ, ಕೈ ತಿರ್ಗಿ ಬಂತಾ?” ಎಂದು ಸುಬ್ಬ ಕೂಗುವುದನ್ನು ಬಿಟ್ಟು ಕೇಳಿದ.

“ಬಂತ್. ಕಾಣ್ತಿಲ್ಯಾ?”

ಕುಸುಮ ಅತ್ತೆಯ ಮುಖ ನೋಡಿದಳು. ಸುತ್ತ ನಿಂತವರನ್ನು ನೋಡಿದಳು. ಆಮೇಲೆ ಸುಬ್ಬನಿಗೆ, “ನಮ್ಗೇ ಇರ್ಲಿ ಸುಬ್ಬಣ್ಣ,” ಎಂದಳು. ಸಿಕ್ಕಿಬಿದ್ದವಳು ಇನ್ನೇನು ಮಾಡಿಯಾಳು ಎಂದುಕೊಂಡ ಬಾಗಿ, ಗೆದ್ದವಳ ಹಾಗೆ ಸೀತುವಿನ ಕಡೆ ಒಂದು ನೋಟ ಎಸೆದು ನಡೆದಳು. ಇಷ್ಟು ವರ್ಷದ ಅನುಮಾನ ಹತ್ತು ಜನರೆದುರು ನಿಜವಾಗಿತ್ತು. ಅವಳಿಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಟೆಂಪೊ ನಿಲ್ಲುವಲ್ಲಿ ಕುಸುಮ ಮೀನನ್ನು ಮಂಜುಗಡ್ಡೆಯ ಡಬ್ಬಿಗೆ ಸುರಿದಳು. ಮೇಲಿನ ಎರಡು ಸಾಲು ಚೆನ್ನಾಗಿತ್ತು. ಅದರ ಅಡಿಯಿಂದ ಬಿದ್ದವು ಹೊಟ್ಟೆ ಒಡೆದ ಬಂಗುಡೆಗಳು, ಒಂದರ ಮೇಲೊಂದು. ವಾಸನೆ ಬಂತು. ಕುಸುಮ ಕುಕ್ಕರುಗಾಲಲ್ಲಿ ಕೂತು ಒಳ್ಳೆಯದನ್ನು ಬೇರೆ ಮಾಡತೊಡಗಿದಳು.

ಬಾಗಿ ಒಂದು ಮೀನನ್ನು ಬಲಗೈಯಲ್ಲಿ ಎತ್ತಿದಳು. ಬೆರಳು ಅದರ ಹೊಟ್ಟೆಯೊಳಗೆ ಇಳಿದಿತ್ತು. ಇಳಿದದ್ದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ.

“ನಿಂಗ್ ಗೊತ್ತಿತ್ತಾ?”

“ಗೊತ್ತಿತ್ತ್ ಅತ್ತೆ.”

“ಮತ್ತ್ ಎಂತಕ್ ತಕಂಡೆ?”

ಕುಸುಮ ತಲೆ ಎತ್ತಲಿಲ್ಲ. “ನಾ ತಿರ್ಗಿ ಬ್ಯಾಡ ಅಂದಿರೆ ಅಷ್ಟ್ ಜನರ್ ಎದ್ರಿಗೆ ನಿಮ್ಮ್ ಕೈ ಸುಳ್ಳ್ ಆತಿತ್ತ್. ಮೀನ್ ಹೋರೆ ನಾಳೆ ಬತ್ತ್.”

ಬಾಗಿ ಅಭ್ಯಾಸಬಲದಿಂದ ಆ ಮಾತಿನ ಹಿಂದೆಯೂ ಹುಡುಕಿದಳು. ಇವಳಿಗೆ ಇದರಿಂದ ಏನು ಲಾಭ? ಯಾರಿಗೆ ಲಾಭ? ಹಿಂದೆ ಮುಂದೆ, ಮೇಲೆ ಕೆಳಗೆ ಎಲ್ಲ ಹುಡುಕಿದಳು. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೆ ಈ ಸಲ ಜಾಣೆ ಎನ್ನಲು ಬಾಯಿ ಬರಲಿಲ್ಲ. ಬೆರಳನ್ನು ದಿನಕ್ಕೆ ಮೂರು ಸಲ ಬಿಡಿಸುತ್ತಿದ್ದ ಹುಡುಗಿಯನ್ನು ಎಷ್ಟು ವರ್ಷ ಕಳ್ಳಿಯ ಹಾಗೆ ನೋಡಿದೆನಲ್ಲ ಎಂದು ಒಳಗೇ ಬೆಂದಳು.

“ನಂಗ್ ಎಂತದೂ ಗೊತ್ತಾಯ್ಲಿಲ್ಲೆ ಕುಸುಮ,” ಎಂದಳು. “ಡಾಕ್ಟ್ರ ಹತ್ರವೂ ಕಣ್ಣ್ ಬಿಟ್ಕಂಡ್ ಹೇಳದ್ದ್.”

“ಹೋಯ್ಲಿ ಬಿಡಿ ಅತ್ತೆ. ತುರ್ಸುದ್ ನಿಂತಿತಲೆ, ಅಷ್ಟಾರೂ ಆಯ್ತಲೆ. ಇದನ್ನ್ ಬೆಕ್ಕಿಗ್ ಹಾಕ್ವ. ಯಾರಿಗೂ ಹೇಳುದ್ ಬ್ಯಾಡ.”

ಆದರೆ ಬಾಗಿ ಎದ್ದುಬಿಟ್ಟಿದ್ದಳು. ಒಡೆದ ಮೀನುಗಳನ್ನು ಬುಟ್ಟಿಗೆ ತುಂಬಿ ಸೊಂಟಕ್ಕೇರಿಸಿ, ಕುಸುಮ ಕರೆದರೂ ನಿಲ್ಲದೆ ಏಲಂ ಜಾಗಕ್ಕೆ ನಡೆದಳು. ಸುಬ್ಬ ಕೂಗುತ್ತಿದ್ದ, ಹೆಂಗಸರೆಲ್ಲ ಅಲ್ಲೇ ಇದ್ದರು. ಬಾಗಿ ಸೀತುವಿನ ಮುಂದೆ ಬುಟ್ಟಿ ಇಳಿಸಿದಳು.

“ಒಣಗ್ಸುಕೆ ಆತ್ತಾ ಕಾಣ್ ಹೆಣೆ. ಹಣ ಬ್ಯಾಡ,” ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಅವರ ಮುಖಗಳನ್ನು ನೋಡುತ್ತಲೇ ಹೇಳಿದಳು. “ನನ್ ಕೈಗೆ ಗೊತ್ತಾತಿಲ್ಲೆ. ಕುಸುಮ ಹೇಳದ್ದೇ ಸಮ ಇತ್ತ್. ಅವ್ಳ್ ಯಾವತ್ತೂ ಸಮವೇ ಹೇಳ್ತಿದ್ಳ್.”

ಹಿಂದಿನಿಂದ ಓಡಿಬಂದ ಕುಸುಮ ಜನರ ನಡುವೆ ನಿಂತುಬಿಟ್ಟಳು. ಹತ್ತು ವರ್ಷದಲ್ಲಿ ಅತ್ತೆಯ ಎದುರು ಒಮ್ಮೆಯೂ ಅಳದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಇಷ್ಟು ವರ್ಷ ಅತ್ತೆ ತನ್ನನ್ನು ಅನುಮಾನಿಸುತ್ತಿದ್ದದ್ದು ಅವಳಿಗೆ ಮೊದಲಿಂದಲೇ ಗೊತ್ತಿತ್ತೆಂದು ಬಾಗಿಗೆ ಆಗ ತಿಳಿಯಿತು.